ಒಬ್ಬ ರೈಡರ್ ಬಿದ್ದರೆ ಇಡೀ ಟೀಮು ಯಾಕೆ ಕುಂಟುತ್ತದೆ?

ಪ್ರಶ್ನೆ: ಹೊಸೂರಿನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಸಣ್ಣ ರೇಸಿಂಗ್ ಟೀಮು ನಡೆಸುತ್ತಿದ್ದೇವೆ. ಮೂವರಿಗೆ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಬೈಕು ಇರುವುದು ಬಾಗಲೂರು ರಸ್ತೆಯ ಗ್ಯಾರೇಜಿನಲ್ಲಿ. ಇರುವುದು ಒಂದೇ, 390. ಕೊಯಮತ್ತೂರಿನಲ್ಲಿ ಪ್ರಾಕ್ಟೀಸ್ ಮಾಡುವಾಗ ನಮ್ಮ ಹುಡುಗ ಬಿದ್ದು ಬಲಗಡೆ ಕಾಲರ್ ಬೋನ್ ಮುರಿಯಿತು. ಪ್ಲೇಟ್ ಹಾಕಿದ್ದಾರೆ. ಮುಂದಿನ ರೌಂಡು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ, ಐದು ವಾರ ಬಾಕಿ. ಅವನು “ನಾನೇ ಓಡಿಸ್ತೀನಿ” ಅಂತಾನೆ, ಸ್ಪಾನ್ಸರ್ “ಬೇರೆಯವರನ್ನ ಹಾಕಿ” ಅಂತಾರೆ. ಬದಲಿಗೆ ಸಿಕ್ಕಿರುವ ಹುಡುಗ 74 ಕಿಲೋ, ನಮ್ಮವನು 61. ರೈಡರ್ ಮಾರ್ಕೆಸ್ ಕೈ ಮುರಿದ ಮೇಲೆ ಹೋಂಡಾದಂಥ ಹೋಂಡಾವೇ ವರ್ಷಗಟ್ಟಲೆ ಏಳಲಿಲ್ಲ ಅಂತಾರಲ್ಲ ಸಾರ್, ಒಬ್ಬನ ಮೂಳೆಗೂ ಒಂದು ಕಾರ್ಖಾನೆಗೂ ಏನು ಸಂಬಂಧ? ನಾವು ಏನು ಮಾಡಬೇಕು?

ಉತ್ತರ: ಅವಸರದ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇವೆ. ಐದನೇ ವಾರಕ್ಕೆ ಹುಡುಗನನ್ನು ಬೈಕು ಹತ್ತಿಸಬೇಡಿ. ಬದಲಿ ರೈಡರನ್ನು ಹಾಕಿ, ಆದರೆ ಈಗಿರುವ ಸೆಟ್ಟಿಂಗಿನಲ್ಲಿ ಅವನನ್ನು ಕೂರಿಸಬೇಡಿ. 390ರ ಮೇಲೆ 13 ಕಿಲೋ ವ್ಯತ್ಯಾಸ ಸಣ್ಣದಲ್ಲ. ಹೇಗೆ ಎಂಬುದು ಕೆಳಗಿದೆ. ಅದಕ್ಕೆ ಮುಂಚೆ ಹೋಂಡಾ ವಿಷಯ ಬೇಕೇ ಬೇಕು, ಏಕೆಂದರೆ ನೀವೀಗ ಮಾಡಲು ಹೊರಟಿರುವ ತಪ್ಪುಗಳಲ್ಲಿ ಎರಡನ್ನು ಅವರು ಆಗಲೇ ಮಾಡಿ ಬೆಲೆ ತೆತ್ತಿದ್ದಾರೆ.

2019ರ ಲೆಕ್ಕ ತೆಗೆಯಿರಿ. ಆ ವರ್ಷ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಷಿಪ್ಪಾದ ಮೋಟೋಜಿಪಿಯಲ್ಲಿ 19 ರೇಸು. ಮಾರ್ಕ್ ಮಾರ್ಕೆಸ್ 12 ಗೆದ್ದರು, ಆರರಲ್ಲಿ ಎರಡನೆಯವರಾದರು, ಆಸ್ಟಿನ್‌ನಲ್ಲಿ ಮಾತ್ರ ಬಿದ್ದರು. ಗೆಲುವಿಗೆ 25, ಎರಡನೇ ಸ್ಥಾನಕ್ಕೆ 20, ಒಟ್ಟು 420. ಕಂಪನಿಗಳ ಪಟ್ಟಿಗೆ ಪ್ರತಿ ರೇಸಿನಲ್ಲೂ ಆ ಕಂಪನಿಯ ಬೈಕುಗಳ ಪೈಕಿ ಮುಂದೆ ಬಂದ ಒಂದರ ಅಂಕ ಮಾತ್ರ ಸೇರುತ್ತದೆ. ಹೋಂಡಾಗೆ ಬಂದದ್ದು 426. ಉಳಿದ ಹೋಂಡಾ ರೈಡರ್‌ಗಳೆಲ್ಲ ಸೇರಿ ಆ ಪಟ್ಟಿಗೆ ಕೊಟ್ಟದ್ದು ಆರೇ ಆರು ಅಂಕ, ಅದೂ ಮಾರ್ಕೆಸ್ ಬಿದ್ದ ಆಸ್ಟಿನ್‌ನಲ್ಲಿ. ಟೀಮುಗಳ ಪಟ್ಟಿಯಲ್ಲಿ ಇಬ್ಬರ ಅಂಕವೂ ಕೂಡುತ್ತದೆ. ಜೊತೆಗಾರ ಹೋರ್ಹೆ ಲೊರೆಂಜೊ ಆಸೆನ್‌ನಲ್ಲಿ ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡು ಇಡೀ ವರ್ಷದಲ್ಲಿ 28, ಅವರ ಜಾಗಕ್ಕೆ ಬಂದ ಟೆಸ್ಟ್ ರೈಡರ್ ಸ್ಟೆಫಾನ್ ಬ್ರಾಡ್ಲ್ 10. ಹಾಗಿದ್ದೂ 458ಕ್ಕೆ 445ರಿಂದ ಡುಕಾಟಿಯನ್ನು ಹಿಂದಿಕ್ಕಿ ಆ ಪ್ರಶಸ್ತಿಯನ್ನೂ ಗೆದ್ದರು. ಮನೆಯಲ್ಲಿ ಹಬ್ಬ ನಡೆಯುತ್ತಿರುವಾಗ ಕಂಬ ಎಷ್ಟಿವೆ ಅಂತ ಯಾರೂ ಎಣಿಸುವುದಿಲ್ಲ. ಇದ್ದದ್ದು ಒಂದೇ ಕಂಬ.

2020ರ ಫೆಬ್ರವರಿಯಲ್ಲಿ ಹೋಂಡಾ ಆ ಕಂಬವನ್ನು 2024ರ ತನಕ, ನಾಲ್ಕು ವರ್ಷದ ಒಪ್ಪಂದ ಮಾಡಿ ಭದ್ರ ಮಾಡಿಕೊಂಡಿತು. ಜುಲೈ 19ಕ್ಕೆ, ಋತುವಿನ ಮೊದಲ ರೇಸಿನಲ್ಲೇ, ಸ್ಪೇನಿನ ಹೆರೆಸ್‌ನಲ್ಲಿ ಮಾರ್ಕೆಸ್ ಬಿದ್ದರು. ಬಲ ತೋಳಿನ ಮೂಳೆ ಮುರಿಯಿತು. 21ಕ್ಕೆ ಬಾರ್ಸಿಲೋನಾದಲ್ಲಿ ಪ್ಲೇಟ್. 25ಕ್ಕೆ, ಅಂದರೆ ನಾಲ್ಕು ದಿನಕ್ಕೆ, ಅದೇ ಟ್ರ್ಯಾಕಿನಲ್ಲಿ ಮತ್ತೆ ಬೈಕಿನ ಮೇಲೆ. ವೈದ್ಯಕೀಯ ತಪಾಸಣೆಯಲ್ಲಿ ದಂಡ ಹೊಡೆದು ತೋರಿಸಿ ಪಾಸಾಗಿದ್ದರು. ಸ್ವಲ್ಪ ಹೊತ್ತು ಓಡಿಸಿ, ಕೈಯಲ್ಲಿ ಬಲವಿಲ್ಲದೆ ಹಿಂದೆ ಸರಿದರು. ಆಗಸ್ಟ್ 3ಕ್ಕೆ ಎರಡನೇ ಶಸ್ತ್ರಚಿಕಿತ್ಸೆ, ಪ್ಲೇಟೇ ಕೆಟ್ಟಿತ್ತು. ಮನೆಯಲ್ಲಿ ಬಾಗಿಲು ತೆರೆಯುವಾಗ ಆಯಿತು ಎಂದು ಹೇಳಿದರು.

ಬಾಗಿಲು ತೆಗೆದರೆ ಟೈಟಾನಿಯಂ ಹೇಗೆ ಕೆಡುತ್ತದೆ ಅಂತ ಆಗ ನಕ್ಕವರು ಬಹಳ. ಕಟ್ಟಡದ ಕೆಲಸದಲ್ಲಿ ಬೈಂಡಿಂಗ್ ವೈರು ಕತ್ತರಿಸಲು ಕಟ್ಟರ್ ಸಿಗದಿದ್ದಾಗ ಏನು ಮಾಡುತ್ತಾರೆ? ಹಿಂದಕ್ಕೆ ಮುಂದಕ್ಕೆ ನಾಲ್ಕು ಸಲ ಬಗ್ಗಿಸುತ್ತಾರೆ. ಕೊನೆಯ ಬಗ್ಗಿಸುವಿಕೆಗೆ ಬಲ ಬೇಕಾಗುವುದಿಲ್ಲ, ಕೆಲಸ ಮೊದಲಿನವುಗಳಲ್ಲೇ ಆಗಿರುತ್ತದೆ. ಪ್ಲೇಟು ಮೂಳೆಯ ಬದಲಿಗೆ ಭಾರ ಹೊರಲು ಇರುವುದಲ್ಲ, ಮೂಳೆ ಕೂಡುವ ತನಕ ತುಂಡುಗಳನ್ನು ಅಲುಗದಂತೆ ಹಿಡಿಯಲು ಇರುವುದು. ಮೂಳೆ ಪಾಲು ಹೊರದಿದ್ದರೆ ಇಡೀ ಬಾಗು ಲೋಹದ ಮೇಲೇ ಬೀಳುತ್ತದೆ, ಲೋಹ ದಣಿಯುತ್ತದೆ.

ಡಿಸೆಂಬರ್ 3ಕ್ಕೆ ಮ್ಯಾಡ್ರಿಡ್‌ನಲ್ಲಿ ಮೂರನೆಯದು, ಎಂಟು ತಾಸು: ಕೂಡದ ಮೂಳೆ, ಜೊತೆಗೆ ಸೋಂಕು, ಸೊಂಟದ ಮೂಳೆಯಿಂದ ಕಸಿ. ರೇಸಿಗೆ ಮರಳಿದ್ದು 2021ರ ಏಪ್ರಿಲ್ 18ಕ್ಕೆ, ಪೋರ್ಟಿಮಾವ್‌ನಲ್ಲಿ. ನಾಲ್ಕು ದಿನದ ಆತುರ ಒಂಬತ್ತು ತಿಂಗಳಿಗೆ ಕಾರಣ ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಆ ನಾಲ್ಕು ದಿನ ಒಳ್ಳೆಯದನ್ನಂತೂ ಮಾಡಲಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆ, ಕಾರ್ಖಾನೆಗೆ ಏನಾಯಿತು ಎಂಬುದು. ಅಂಕ ಹೋದದ್ದು ಎಲ್ಲರಿಗೂ ಕಾಣುತ್ತದೆ: 2020ರಲ್ಲಿ ಹೋಂಡಾ ಒಂದೂ ರೇಸ್ ಗೆಲ್ಲಲಿಲ್ಲ, 144 ಅಂಕದೊಂದಿಗೆ ಆರು ಕಂಪನಿಗಳಲ್ಲಿ ಐದನೆಯದು. ಅಂಕಕ್ಕಿಂತ ದೊಡ್ಡ ನಷ್ಟ ಕಾಣದ್ದು. ರೇಸ್ ಬೈಕು ಅಂಗಡಿಯಿಂದ ಬಂದಂತೆ ಇರುವುದಿಲ್ಲ, ವರ್ಷಗಟ್ಟಲೆ ಒಬ್ಬ ಮನುಷ್ಯನ ಮೈಗೆ ಹೊಲಿದ ಅಂಗಿಯಂತೆ ಆಗಿರುತ್ತದೆ. ಮುಂದಿನ ಚಕ್ರ ಜಾರಿದರೂ ಮೊಣಕೈ ಊರಿ ಎತ್ತಿಕೊಳ್ಳುವ ಮಾರ್ಕೆಸ್‌ಗೆ ತಿರುವಿನ ಒಳತನಕ ಬ್ರೇಕ್ ಹಿಡಿಯಲು ಗಟ್ಟಿಯಾದ ಮುಂಭಾಗ ಬೇಕಿತ್ತು. ಹೋಂಡಾ ಅದನ್ನೇ ಕೊಡುತ್ತ ಹೋಯಿತು. ಅದೇ ಬೈಕಿನಲ್ಲಿ 2019ರಲ್ಲಿ ಎರಡನೇ ಉತ್ತಮ ಹೋಂಡಾ ರೈಡರ್ ಕ್ಯಾಲ್ ಕ್ರಚ್ಲೋಗೆ ಬಂದದ್ದು 133 ಅಂಕ. ಐದು ವಿಶ್ವ ಪ್ರಶಸ್ತಿ ಗೆದ್ದಿದ್ದ ಲೊರೆಂಜೊಗೆ ಅದು ಒಗ್ಗಲೇ ಇಲ್ಲ. ಅಂಗಿಯ ಯಜಮಾನ ಆಸ್ಪತ್ರೆಯಲ್ಲಿ ಮಲಗಿದಾಗ ಅದನ್ನು ತೊಟ್ಟವರಿಗೆಲ್ಲ ತೋಳು ಉದ್ದ, ಭುಜ ಬಿಗಿ.

ಬದಲಿಯಾಗಿ ಬಂದವರು ಬ್ರಾಡ್ಲ್. ಟೆಸ್ಟ್ ರೈಡರ್ ರೇಸಿಗೆ ಹೋದರೆ ಟೆಸ್ಟ್ ಮಾಡುವವರು ಯಾರು? ಈ ಪ್ರಶ್ನೆಯನ್ನು ಹೊರಗಿನವರು ಕೇಳುವುದೇ ಇಲ್ಲ. ಟೆಸ್ಟ್ ರೈಡರ್‌ಗೆ ಒಂದೇ ದಿನದಲ್ಲಿ ಎರಡು ಬಗೆಯ ಚಾಸಿ, ಮೂರು ಬಗೆಯ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ಹೋಲಿಸುವ ವ್ಯವಧಾನ ಇರಬೇಕು. ರೇಸ್ ವಾರದಲ್ಲಿ ಅದಕ್ಕೆ ಜಾಗವಿಲ್ಲ. ಮಾರ್ಕೆಸ್‌ರ ತಮ್ಮ ಅಲೆಕ್ಸ್ ಆ ವರ್ಷ ಹೊಸಬ. ಲೆ ಮಾನ್ಸ್ ಮತ್ತು ಅರಗಾನ್‌ನಲ್ಲಿ ಎರಡನೇ ಸ್ಥಾನ ತಂದರೂ ಬೈಕು ಯಾವ ದಿಕ್ಕಿಗೆ ಹೋಗಬೇಕು ಅಂತ ಹೇಳುವ ಅಧಿಕಾರ ಹೊಸಬರಿಗೆ ಇರುವುದಿಲ್ಲ. ಕ್ರಚ್ಲೋ ಕೂಡ ಅದೇ ಹೆರೆಸ್‌ನಲ್ಲಿ ಮಣಿಕಟ್ಟಿನ ಮೂಳೆ ಮುರಿದುಕೊಂಡಿದ್ದರು.

ನ್ಯಾಯವಾಗಿ ಇನ್ನೊಂದು ಮಾತು ಸೇರಿಸಬೇಕು. ಎಲ್ಲವನ್ನೂ ಆ ತೋಳಿನ ತಲೆಗೆ ಕಟ್ಟುವುದು ತಪ್ಪು. 2020ಕ್ಕೆ ಮಿಷೆಲಿನ್ ಹೊಸ ಹಿಂದಿನ ಟೈರ್ ತಂದಿತು, ಹಿಂದೆ ಹಿಡಿತ ಹೆಚ್ಚು. ಮುಂದಿನ ಚಕ್ರವನ್ನೇ ನಂಬಿದ್ದ ಬೈಕಿಗೆ ಅದು ಹೊಂದಲಿಲ್ಲ. ಕೋವಿಡ್ ಕಾರಣಕ್ಕೆ 2021ಕ್ಕೂ 2020ರ ಎಂಜಿನ್ನನ್ನೇ ಉಳಿಸಿಕೊಳ್ಳಬೇಕಾಯಿತು. ಟೈರ್ ಬದಲಾದ ವರ್ಷವೇ ಟೈರ್ ಓದಬಲ್ಲ ಮನುಷ್ಯ ಇಲ್ಲವಾದ, ಪೆಟ್ಟು ಬಿದ್ದದ್ದು ಅಲ್ಲಿ.

ಮುಂದಿನದು ನಿಮ್ಮಂಥ ಟೀಮಿಗೆ ಹೆಚ್ಚು ಬೇಕಾದ ಪಾಠ. ಮರಳಿದ ಮೇಲೆ ಮಾರ್ಕೆಸ್ 2021ರಲ್ಲಿ ಮೂರು ರೇಸ್ ಗೆದ್ದರು: ಸ್ಯಾಕ್ಸನ್‌ರಿಂಗ್, ಆಸ್ಟಿನ್, ಮಿಸಾನೊ. ಮೊದಲೆರಡೂ ಎಡಕ್ಕೆ ಸುತ್ತುವ ಟ್ರ್ಯಾಕುಗಳು. ಸ್ಯಾಕ್ಸನ್‌ರಿಂಗ್‌ನ 13 ತಿರುವುಗಳಲ್ಲಿ 10 ಎಡಕ್ಕೆ. ಬಲ ತೋಳಿಗೆ ಅಲ್ಲಿ ಕೆಲಸ ಕಡಿಮೆ. ಗೆಲುವು ಕಂಡು “ಗುಣವಾಯಿತು” ಎಂದವರಿಗೆ ಉತ್ತರ ಸಿಕ್ಕಿದ್ದು 2022ರ ಜೂನ್‌ನಲ್ಲಿ, ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ನಾಲ್ಕನೇ ಶಸ್ತ್ರಚಿಕಿತ್ಸೆ ಆದಾಗ: ಮೂಳೆ ಸುಮಾರು 30 ಡಿಗ್ರಿಯಷ್ಟು ತಿರುಚಿಕೊಂಡು ಕೂಡಿತ್ತು. ತಿರುಚಿದ ತೋಳಿನಿಂದ ಓಡಿಸುವಾಗ ಮೊಣಕೈ ಬೇಕಾದ ಕಡೆ ಹೋಗುವುದಿಲ್ಲ. ಮೈ ಬೇರೆ ಕಡೆ ವಾಲುತ್ತದೆ. ಆ ಮೈ ಹೇಳುವ “ಮುಂದೆ ಹಿಡಿತ ಸಾಲದು” ಎಂಬ ಮಾತು ಬೈಕಿನದೋ ತೋಳಿನದೋ ಗೊತ್ತಾಗುವುದಿಲ್ಲ. ಇತ್ತ 2022ಕ್ಕೆ ಹೋಂಡಾ ಹಿಂದಿನ ಹಿಡಿತ ಹೆಚ್ಚಿಸಿದ ಪೂರಾ ಹೊಸ ಬೈಕು ತಂದಿತ್ತು. ಮಾರ್ಕೆಸ್‌ಗೆ ಅದರಲ್ಲಿ ತನ್ನ ಮುಂದಿನ ಚಕ್ರ ಸಿಗಲಿಲ್ಲ, ಉಳಿದವರಿಗೂ ಸಲೀಸಾಗಲಿಲ್ಲ. ಅವರು ವರ್ಷ ವರ್ಷ ಗೆದ್ದಿದ್ದ ಅದೇ ಸ್ಯಾಕ್ಸನ್‌ರಿಂಗ್‌ನಲ್ಲಿ, ಅವರಿಲ್ಲದ 2022ರಲ್ಲಿ, ಒಂದು ಹೋಂಡಾಗೂ ಅಂಕ ಸಿಗಲಿಲ್ಲ. 1982ರ ನಂತರ ಅದೇ ಮೊದಲು. ವರ್ಷದ ಕೊನೆಗೆ ಕಂಪನಿಗಳಲ್ಲಿ ಕೊನೆಯ ಸ್ಥಾನ. 2023ರ ಕೊನೆಗೆ, ಒಪ್ಪಂದ ಇನ್ನೂ ಒಂದು ವರ್ಷ ಇರುವಂತೆಯೇ, ಮಾರ್ಕೆಸ್ ಬಿಟ್ಟು ಹೋದರು. 1995ರಿಂದ ಜೊತೆಗಿದ್ದ ಸ್ಪಾನ್ಸರ್ ರೆಪ್ಸಾಲ್ 2024ಕ್ಕೆ ಮುಗಿಸಿತು. ಮೂಳೆಯಿಂದ ಅಂಕ, ಅಂಕದಿಂದ ದಿಕ್ಕು, ದಿಕ್ಕಿನಿಂದ ರೈಡರ್, ಕೊನೆಗೆ ಹಣ. ಈ ಸಾಲು ಒಂದೇ ದಿನ ಆಗುವುದಿಲ್ಲ.

ಎಲ್ಲ ಟೀಮೂ ಹೀಗೆ ಕುಸಿಯುವುದಿಲ್ಲ. 1999ರಲ್ಲಿ ಅದೇ ಹೋಂಡಾದ ಮಿಕ್ ಡೂಹನ್, ಸತತ ಐದು ಸಲದ ಚಾಂಪಿಯನ್, ಹೆರೆಸ್‌ನಲ್ಲೇ ಬಿದ್ದು ಓಟ ಮುಗಿಸಿದರು. ಜೊತೆಗಾರ ಅಲೆಕ್ಸ್ ಕ್ರಿವಿಯೆ ಆ ವರ್ಷದ ಪ್ರಶಸ್ತಿ ತಂದರು. 2010ರಲ್ಲಿ ಮುಜೆಲ್ಲೊದಲ್ಲಿ ವ್ಯಾಲೆಂಟಿನೊ ರೊಸ್ಸಿ ಕಾಲು ಮುರಿದುಕೊಂಡಾಗ ಯಮಾಹಾಗೆ ಲೊರೆಂಜೊ ಇದ್ದರು, ಪ್ರಶಸ್ತಿ ಮನೆಯಲ್ಲೇ ಉಳಿಯಿತು. 2025ರದು ಇನ್ನೂ ಚೆನ್ನಾದ ಉದಾಹರಣೆ. ಹಿಂದಿನ ವರ್ಷದ ಚಾಂಪಿಯನ್ ಹೋರ್ಹೆ ಮಾರ್ಟಿನ್ ಏಪ್ರಿಲಿಯಾಗೆ ಬಂದು ಆ ವರ್ಷದ ಮೊದಲ ಟೆಸ್ಟಿನ ಮೊದಲ ದಿನವೇ ಬಿದ್ದರು. ಗುಣವಾಗುತ್ತಿದ್ದಂತೆ ತರಬೇತಿಯಲ್ಲಿ ಮಣಿಕಟ್ಟು. ಕತಾರ್‌ನಲ್ಲಿ ಮರಳಿ ಬಂದ ರೇಸಿನಲ್ಲೇ ಪಕ್ಕೆಲುಬುಗಳು. ನಡುವೆ ಒಪ್ಪಂದ ಬಿಡುವ ಮಾತು ಬೇರೆ. ಆದರೂ ಅವರ ಜೊತೆಗಾರ ಮಾರ್ಕೊ ಬೆಜ್ಜೆಕ್ಕಿ ಸಿಲ್ವರ್‌ಸ್ಟೋನ್, ಪೋರ್ಟಿಮಾವ್, ವೆಲೆನ್ಸಿಯಾ ಗೆದ್ದರು, ಏಪ್ರಿಲಿಯಾ ಕಂಪನಿಗಳಲ್ಲಿ ಎರಡನೆಯದಾಯಿತು. ಚಾಂಪಿಯನ್ ಗಾಯಗೊಂಡದ್ದು ಆ ಬೈಕು ಇನ್ನೂ ಅವರ ಮೈಗೆ ಹೊಲಿಯುವ ಮುಂಚೆ. ಅದೇ ವರ್ಷ ಡುಕಾಟಿಯ ಮಾರ್ಕೆಸ್ ಮಂಡಾಲಿಕಾದಲ್ಲಿ ಬಲ ಭುಜ ಮುರಿದುಕೊಂಡರು, ಆದರೆ ಒಂದು ವಾರ ಮುಂಚೆ ಮೊಟೆಗಿಯಲ್ಲಿ ಪ್ರಶಸ್ತಿ ಖಚಿತವಾಗಿತ್ತು. ಗಾಯ ಯಾವ ವಾರ ಆಯಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಬಾಗಲೂರು ರಸ್ತೆಯ ಗ್ಯಾರೇಜಿಗೆ ಬರೋಣ.

ಮೊದಲ ಕೆಲಸ ಬೈಕು ನೆಟ್ಟಗಿದೆಯೇ ನೋಡುವುದು. ಬಲಕ್ಕೆ ಬಿದ್ದ ಬೈಕಿನಲ್ಲಿ ಲಿವರ್, ಫುಟ್‌ರೆಸ್ಟ್ ಬದಲಿಸಿ “ರೆಡಿ” ಅನ್ನುವುದು ಎಲ್ಲ ಕಡೆಯ ಚಾಳಿ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಕೊಳವೆ ಎರಡನ್ನೂ ಬಿಚ್ಚಿ, ವಿ-ಬ್ಲಾಕ್ ಮೇಲಿಟ್ಟು, ಡಯಲ್ ಗೇಜ್ ಹಿಡಿದು ತಿರುಗಿಸಿ. ಮೂವರು ಸಿಪ್‌ಕಾಟ್‌ನವರಿದ್ದೀರಿ, ಇದು ನಿಮಗೆ ಹೇಳಿಕೊಡಬೇಕಾದ್ದಲ್ಲ. ಬಾಗಿನ ಮಿತಿ ನಿಮ್ಮ ಬೈಕಿನ ಮ್ಯಾನ್ಯುಅಲ್‌ನಲ್ಲಿದೆ, ಸಾಮಾನ್ಯವಾಗಿ 0.2 ಮಿ.ಮೀ. ಆಸುಪಾಸು. ಹ್ಯಾಂಡಲ್ ತಿರುಗಿಸುವಾಗ ನಡುವೆ ಎಲ್ಲಾದರೂ ಕಚ್ಚಿದರೆ ಹೆಡ್ ಬೇರಿಂಗಿಗೆ ಗುಂಡಿ ಬಿದ್ದಿದೆ. ಆಕ್ಸಿಲರೇಟರ್ ಬಿಟ್ಟರೆ ತಾನೇ ಟಪ್ಪನೆ ಮುಚ್ಚಬೇಕು, ಹ್ಯಾಂಡಲ್ ಎರಡೂ ತುದಿಗೆ ತಿರುಗಿಸಿದಾಗಲೂ. ಮುಂದಿನ ಬ್ರೇಕಿನ ಮಾಸ್ಟರ್ ಸಿಲಿಂಡರ್ ಹಿಡಿಕೆಯಲ್ಲಿ ಕೂದಲೆಳೆ ಬಿರುಕಿದ್ದರೂ ಬಿಸಾಡಿ. ವಕ್ರ ಬೈಕಿನ ಮೇಲೆ ಹೊಸ ಹುಡುಗ ಹೇಳುವ ದೂರುಗಳನ್ನೆಲ್ಲ ನೀವು ಅವನ ತೂಕಕ್ಕೆ ಹಚ್ಚುತ್ತೀರಿ, ಮೂರು ಪ್ರಾಕ್ಟೀಸ್ ಹಾಳಾಗುತ್ತವೆ.

ಯಾವುದನ್ನೂ ತಿರುಗಿಸುವ ಮುಂಚೆ ನಿಮ್ಮ ಹುಡುಗನ ಸೆಟ್ಟಿಂಗನ್ನು ಹಾಳೆಯ ಮೇಲೆ ಇಳಿಸಿ. ಫೋರ್ಕ್ ಕೊಳವೆ ಮೇಲಿನ ಕ್ಲಾಂಪಿನಿಂದ ಎಷ್ಟು ಮಿಲಿಮೀಟರ್ ಹೊರಗಿದೆ, ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿ ಬಿಗಿದದ್ದು) ಎಷ್ಟು, ಹಿಂದಿನ ಚಕ್ರ ಸ್ವಿಂಗ್‌ಆರ್ಮ್‌ನ ಯಾವ ಗೀಟಿನಲ್ಲಿದೆ, ಸ್ಪ್ರಾಕೆಟ್ ಹಲ್ಲು, ಚೈನಿನ ಕೊಂಡಿ, ಲಿವರ್ ಕೋನ, ಸೀಟಿನ ಫೋಮ್ ದಪ್ಪ, ಬಿಸಿಯಾದಾಗಿನ ಟೈರ್ ಗಾಳಿ. ಸ್ಪ್ರಿಂಗಿನ ಕುಣಿತ ತಡೆಯುವ ಡ್ಯಾಂಪಿಂಗ್ ಕ್ಲಿಕ್ಕುಗಳನ್ನು ಯಾವಾಗಲೂ ಪೂರ್ತಿ ಮುಚ್ಚಿದ ಕಡೆಯಿಂದಲೇ ಎಣಿಸಿ, “ಮುಚ್ಚಿದಲ್ಲಿಂದ 9” ಅಂತ ಬರೆಯಿರಿ. ಬರೀ “9” ಅಂತ ಬರೆದು, ತಿಂಗಳ ಮೇಲೆ ಇನ್ನೊಬ್ಬ ತೆರೆದ ಕಡೆಯಿಂದ ಎಣಿಸಿ ಹಾಳು ಮಾಡುವುದು ನಿತ್ಯದ ಕತೆ. ಮುಚ್ಚುವಾಗ ಸ್ಕ್ರೂ ಬಿಗಿದು ಕೂರಿಸಬೇಡಿ, ತಾಗಿದರೆ ಸಾಕು.

ಈಗ 13 ಕಿಲೋ. ಬೈಕು, ರೈಡರ್, ಉಡುಪು ಎಲ್ಲ ಸೇರಿ 220 ಕಿಲೋ ಅಂತಿಟ್ಟುಕೊಳ್ಳಿ; ಅದು 233 ಆಗುತ್ತದೆ, ಸುಮಾರು ಶೇ 6 ಹೆಚ್ಚು. ತಿರುವಿನಿಂದ ಹೊರಬರುವಾಗ ಅಷ್ಟೇ ಪಾಲು ಎಳೆತ ಕಡಿಮೆ. ಹಿಂದೆ ನಾಲ್ಕೈದು ಮಿಲಿಮೀಟರ್ ಹೆಚ್ಚು ಕುಸಿದರೆ ಮುಂದಿನ ಫೋರ್ಕಿನ ಕೋನ ಸುಮಾರು 0.2 ಡಿಗ್ರಿ ಚಪ್ಪಟೆಯಾಗುತ್ತದೆ. ಬೈಕು ತಿರುವಿನಲ್ಲಿ ಹೊರಕ್ಕೆ ಜಗ್ಗುತ್ತದೆ. ಹುಡುಗ “ತಿರುಗ್ತಿಲ್ಲ ಅಣ್ಣ” ಅಂತಾನೆ, ನೀವು ಮುಂದೆ ಕೈ ಹಾಕುತ್ತೀರಿ. ಕಾಯಿಲೆ ಹಿಂದೆ ಇರುತ್ತದೆ.

ಕುಸಿತ ಅಳೆಯುವ ಕ್ರಮ ಹೀಗೆ. ಹಿಂದಿನ ಚಕ್ರ ನೆಲದಿಂದ ಎತ್ತಿ ನೇತಾಡುವಂತೆ ಇಟ್ಟು, ಆಕ್ಸಲಿನಿಂದ ನೇರ ಮೇಲೆ ಬಾಲದ ಮೇಲಿನ ಒಂದು ಗುರುತಿನ ತನಕ ಅಳೆಯಿರಿ; ಇದು ಮೊದಲ ಅಳತೆ. ಬೈಕನ್ನು ಅದರದ್ದೇ ಭಾರದಲ್ಲಿ ನಿಲ್ಲಿಸಿ ಎರಡನೆಯದು. ರೈಡರ್ ಹೆಲ್ಮೆಟ್, ಬೂಟು, ಚರ್ಮದ ಸೂಟು ಎಲ್ಲ ತೊಟ್ಟು, ಕಾಲು ಮೇಲಿಟ್ಟು, ರೇಸಿನಲ್ಲಿ ಬಾಗುವಂತೆ ಬಾಗಿದಾಗ ಮೂರನೆಯದು. ಮುಂದೆ ಒಬ್ಬರು ಹಿಡಿದಿರಲಿ. ಸೀಲುಗಳ ಹಿಡಿತ ಅಳತೆಯನ್ನು ಕೆಡಿಸುತ್ತದೆ, ಆದ್ದರಿಂದ ಒಮ್ಮೆ ಒತ್ತಿ ಬಿಟ್ಟು, ಒಮ್ಮೆ ಎತ್ತಿ ಬಿಟ್ಟು ಎರಡರ ಸರಾಸರಿ ತೆಗೆಯಿರಿ. ಒಂದರಿಂದ ಮೂರು ಕಳೆದರೆ ರೈಡರ್ ಜೊತೆಗಿನ ಕುಸಿತ: ಹಿಂದೆ 25ರಿಂದ 35 ಮಿ.ಮೀ., ಮುಂದೆ 30ರಿಂದ 35ರ ಸುತ್ತ ಶುರು ಮಾಡಿ. ಒಂದರಿಂದ ಎರಡು ಕಳೆದರೆ ಬರೀ ಬೈಕಿನ ಕುಸಿತ: ಹಿಂದೆ 5ರಿಂದ 10 ಇರಬೇಕು. ಹಿಂದಿನ ಪ್ರಿಲೋಡ್ ಬಿಗಿದು ರೈಡರ್ ಕುಸಿತ ಸರಿ ತಂದಿರಿ, ಆದರೆ ಬರೀ ಬೈಕಿನ ಕುಸಿತ ಸೊನ್ನೆಗೆ ಬಂತು ಅಂದರೆ ಸ್ಪ್ರಿಂಗ್ ಮೆತ್ತಗಿದೆ. ಬಹಳ ಜನ ಇದನ್ನು ತಲೆಕೆಳಗಾಗಿ ಓದಿ ಇನ್ನೂ ಮೆತ್ತನೆಯದು ಹಾಕುತ್ತಾರೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಅದು ಮೇಲೆ ಚಿಮ್ಮುವ ಬಲವೂ ಹೆಚ್ಚುತ್ತದೆ, ಆ ಚಿಮ್ಮುವಿಕೆ ತಡೆಯುವ ರಿಬೌಂಡ್ ಡ್ಯಾಂಪಿಂಗನ್ನು ಒಂದೆರಡು ಕ್ಲಿಕ್ ಮುಚ್ಚಿ. ಸ್ಪ್ರಾಕೆಟ್, ಚೈನು ಬೆಂಗಳೂರಿನ ಜೆ.ಸಿ. ರೋಡಿಗೆ ಹೋದರೆ ಸಿಕ್ಕಾವು. ತೂಕಕ್ಕೆ ತಕ್ಕ ಸ್ಪ್ರಿಂಗ್ ತರಿಸಬೇಕಾಗುತ್ತದೆ, ಈ ವಾರವೇ ಹೇಳಿ.

ಹಿಂದೆ ಒಂದು ಹಲ್ಲು ಹೆಚ್ಚಿನ ಸ್ಪ್ರಾಕೆಟ್ ಕಳೆದುಹೋದ ಎಳೆತದಲ್ಲಿ ಸ್ವಲ್ಪ ವಾಪಸ್ ಕೊಡುತ್ತದೆ. 45ರಿಂದ 46 ಅಂದರೆ ಶೇ 2.2, ಗಂಟೆಗೆ 160 ಕಿ.ಮೀ. ಹೋಗುತ್ತಿದ್ದ ಆರ್‌ಪಿಎಂಗೆ ಸುಮಾರು ಮೂರೂವರೆ ಕಿ.ಮೀ. ಕಡಿಮೆ ವೇಗ. ಇರುಂಗಾಟ್ಟುಕೋಟೈಯ 3.7 ಕಿ.ಮೀ. ಟ್ರ್ಯಾಕಿನ ನೇರದಲ್ಲಿ ಅದು ಎಂಜಿನ್ ಮಿತಿಗೆ ಮುಟ್ಟುತ್ತದೆಯೇ ನೋಡಿಕೊಳ್ಳಿ. ಹಲ್ಲು ಹೆಚ್ಚಿದರೆ ಅದೇ ಚೈನಿಗೆ ಚಕ್ರ ಮುಂದಕ್ಕೆ ಬರುತ್ತದೆ, ಬೈಕು ಸ್ವಲ್ಪ ಗಿಡ್ಡವಾಗುತ್ತದೆ. ಆ ಬದಲಾವಣೆಯನ್ನೂ ಹಾಳೆಗೆ ಬರೆಯಿರಿ. ಬ್ರೇಕ್ ಆಯಿಲ್ ಹೊಸದು ಹಾಕಿ: ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯದು, ತೇವ ಹೀರಿದ ಮೇಲೆ ಆ ಖಾತರಿ 155ಕ್ಕೆ ಇಳಿಯುತ್ತದೆ. ಹಗುರ ರೈಡರ್‌ಗೆ ಇಷ್ಟು ದಿನ ತಡೆದದ್ದು ಭಾರದವನಿಗೆ ಐದನೇ ಸುತ್ತಿನಲ್ಲಿ ಸ್ಪಂಜಿನಂತೆ ಆಗಬಹುದು. ಫೋರ್ಕಿನ ಒಳ ಕೊಳವೆಗೆ ಒಂದು ಕೇಬಲ್ ಟೈ ಕಟ್ಟಿ. ಸೆಷನ್ ಮುಗಿದಾಗ ಅದು ತಳದಿಂದ 10–15 ಮಿ.ಮೀ. ಉಳಿದಿರಬೇಕು. ತಳ ಮುಟ್ಟಿದ್ದರೆ ಬ್ರೇಕಿನಲ್ಲಿ ಮುಂದಿನ ಚಕ್ರ ಕುಣಿದದ್ದು ಯಾಕೆ ಅಂತ ಕೇಳಬೇಕಾಗಿಲ್ಲ.

ಇಷ್ಟು ಕಬ್ಬಿಣದ ವಿಷಯ. ಮಾತಿನ ವಿಷಯ ಇದಕ್ಕಿಂತ ಕಷ್ಟ, ಹೊಸೂರಿನಲ್ಲಂತೂ ಇನ್ನೂ. ನಿಮ್ಮ ಗ್ಯಾರೇಜಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ವಾಕ್ಯದಲ್ಲಿ ಓಡಾಡುತ್ತಿರಬೇಕು. ಒಬ್ಬ “ಮುಂದೆ ಆಡ್ತದೆ” ಅಂದರೆ ಹ್ಯಾಂಡಲ್ ಅಲುಗುವುದು, ಇನ್ನೊಬ್ಬ ಅಂದರೆ ಟೈರ್ ಜಾರುವುದು. ಎರಡಕ್ಕೂ ಮದ್ದು ಬೇರೆ, ಎಷ್ಟೋ ಸಲ ವಿರುದ್ಧ. ಐದಾರು ಪದ ಗೊತ್ತು ಮಾಡಿಕೊಳ್ಳಿ: ಅಲುಗುವುದು, ಜಾರುವುದು, ತೇಲುವುದು, ಕುಪ್ಪಳಿಸುವುದು, ಹೊರಕ್ಕೆ ಹೋಗುವುದು. ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಬ್ರೇಕ್ ಹಿಡಿದಾಗಲೋ, ತಿರುವಿನ ನಡುವೆಯೋ, ಗ್ಯಾಸ್ ಕೊಡುವಾಗಲೋ? ಬದಲಿ ಹುಡುಗ ಗಾಡಿ ನಿಲ್ಲಿಸಿದ ಎರಡು ನಿಮಿಷದಲ್ಲಿ, ನೀರು ಕೊಡುವ ಮುಂಚೆಯೇ, ಅವನ ಮಾತಿನಲ್ಲೇ ಬರೆದುಕೊಳ್ಳಿ. ಒಂದು ಸೆಷನ್ನಿಗೆ ಒಂದೇ ಬದಲಾವಣೆ. ದೊಡ್ಡ ಟೀಮುಗಳು ಕಳೆದುಕೊಳ್ಳುವುದೂ ಈ ಭಾಷೆಯನ್ನೇ, ಅವರ ಬಳಿ ಸಾವಿರ ಸೆನ್ಸರ್ ಇದ್ದರೂ.

ಗಾಯಗೊಂಡ ಹುಡುಗನನ್ನು ಮನೆಯಲ್ಲಿ ಕೂರಿಸಬೇಡಿ. ಇರುಂಗಾಟ್ಟುಕೋಟೈಗೆ ಕರೆದುಕೊಂಡು ಹೋಗಿ, ತಿರುವಿನ ಹತ್ತಿರ ಸುರಕ್ಷಿತ ಜಾಗದಲ್ಲಿ ಗಡಿಯಾರ, ಪುಸ್ತಕ ಕೊಟ್ಟು ನಿಲ್ಲಿಸಿ: ಯಾರು ಎಲ್ಲಿ ಬ್ರೇಕ್ ಹಿಡಿದರು, ಯಾವ ಗೀಟಿನಲ್ಲಿ ಹೋದರು. ಸೆಟ್ಟಿಂಗಿನ ಮೇಲೆ ಮಾತ್ರ ಅವನಿಗೆ ಮಾತು ಬೇಡ. ಅವನು ಅರಿಯದೆಯೇ ತನ್ನ ಮೈಗೆ ಸರಿಹೊಂದುವುದನ್ನೇ ಹೇಳುತ್ತಾನೆ. ಬಿದ್ದ ದಿನ ತೊಟ್ಟಿದ್ದ ಹೆಲ್ಮೆಟ್ ನೆಲಕ್ಕೆ ತಾಗಿದ್ದರೆ ಅದು ಮುಗಿಯಿತು, ಬದಲಿಯವನಿಗೂ ಕೊಡಬೇಡಿ. 61 ಕಿಲೋದವನ ಸೂಟು 74ರವನಿಗೆ ಆಗದು; ಹೊಲಿಗೆ ಬಿಗಿದರೆ ಬೆನ್ನಿನ ಕವಚ ಜಾಗ ಬಿಟ್ಟು ಸರಿಯುತ್ತದೆ.

ಕಾಗದಪತ್ರ ಬೇಗ ಮುಗಿಸುತ್ತೇವೆ. ಬದಲಿ ರೈಡರ್‌ಗೆ ದೇಶದ ಮೋಟಾರ್ ರೇಸಿಂಗ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಕೊಡುವ ಅವನದ್ದೇ ಲೈಸೆನ್ಸ್ ಬೇಕು. ನೋಂದಣಿ ಬದಲಿಸಲು ಕೊನೆಯ ದಿನ ಆ ರೌಂಡಿನ ನಿಯಮಪತ್ರದಲ್ಲಿ ಇರುತ್ತದೆ, ಸಂಘಟಕರ ಕಚೇರಿಗೆ ಈಗಲೇ ಬರೆಯಿರಿ. ರೈಡರ್‌ಗಳ ಚಾಂಪಿಯನ್‌ಷಿಪ್ಪಿನಲ್ಲಿ ಅಂಕ ಓಡಿಸಿದವನದು, ಬೈಕಿನದಲ್ಲ. ಬದಲಿಯವನು ಗೆದ್ದರೂ ನಿಮ್ಮ ಹುಡುಗನ ಖಾತೆಗೆ ಏನೂ ಬರುವುದಿಲ್ಲ, ಇದನ್ನು ಇಬ್ಬರಿಗೂ ಮೊದಲೇ ಹೇಳಿ. ಬದಲಿಯವನು ಬಿದ್ದರೆ ಖರ್ಚು ಯಾರದು ಎಂಬುದನ್ನು ಅವನು ಬೈಕು ಹತ್ತುವ ಮುಂಚೆ ಬರೆದಿಡಿ. ಸಾಮಾನ್ಯ ಆರೋಗ್ಯ ವಿಮೆಗಳಲ್ಲಿ ಬಹಳವು ರೇಸಿಂಗನ್ನು ಹೊರಗಿಡುತ್ತವೆ, ಪಾಲಿಸಿಯ ಸಣ್ಣಕ್ಷರ ಓದಿ. ಸ್ಪಾನ್ಸರ್‌ಗೆ ಯಾರು ಓಡಿಸುತ್ತಾರೆ, ಹಳೆಯವನು ಯಾವ ರೌಂಡಿಗೆ ಬರಬಹುದು ಅಂತ ಒಂದು ಪುಟ ಕೊಡಿ. “ನೋಡೋಣ” ಎಂಬ ಉತ್ತರ ಅವರಿಗೆ ಎಲ್ಲಕ್ಕಿಂತ ಕೆಟ್ಟದ್ದು.

ಹುಡುಗನ “ನಾನೇ ಓಡಿಸ್ತೀನಿ” ಮಾತಿಗೆ. ಅವನು ಖಂಡಿತ 2013ರ ಲೊರೆಂಜೊ ಉದಾಹರಣೆ ಎತ್ತುತ್ತಾನೆ: ಆಸೆನ್‌ನಲ್ಲಿ ಗುರುವಾರ ಕಾಲರ್ ಬೋನ್ ಮುರಿದು, ಬಾರ್ಸಿಲೋನಾಗೆ ಹಾರಿ ಪ್ಲೇಟ್ ಹಾಕಿಸಿಕೊಂಡು, ಶನಿವಾರ ಐದನೆಯವರಾದರು. ಅದರ ಮುಂದಿನ ಪುಟವನ್ನೂ ಓದಿಸಿ. ಮುಂದಿನ ರೇಸಿಗೆ ಸ್ಯಾಕ್ಸನ್‌ರಿಂಗ್‌ನಲ್ಲಿ ಅದೇ ಭುಜದ ಮೇಲೆ ಬಿದ್ದು ಪ್ಲೇಟ್ ಬಾಗಿತು, ಮತ್ತೆ ಶಸ್ತ್ರಚಿಕಿತ್ಸೆ. ಪ್ಲೇಟ್ ಹಾಕಿದ ಕಾಲರ್ ಬೋನ್ ಕೂಡಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಸಿಗರೇಟು ಸೇದುವವನಾದರೆ ಇನ್ನೂ ತಡ. ಗಟ್ಟಿ ಬ್ರೇಕಿನಲ್ಲಿ ಒಂದು ಜಿ (ಭೂಮಿಯ ಸೆಳೆತದಷ್ಟು ಬಲ) ಅಂದರೆ 61 ಕಿಲೋದ ಮೈ 61 ಕಿಲೋ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಮೊಣಕಾಲಿನಿಂದ ಟ್ಯಾಂಕ್ ಎಷ್ಟು ಒತ್ತಿ ಹಿಡಿದರೂ ಉಳಿದದ್ದು ಅಂಗೈ, ತೋಳು, ಭುಜದ ಮೂಲಕ ಆ ಮೂಳೆಗೇ ಬರುತ್ತದೆ. ಅವನದು ಬಲಗಡೆ, ಬ್ರೇಕೂ ಆಕ್ಸಿಲರೇಟರೂ ಅಲ್ಲೇ.

ಎಕ್ಸ್-ರೇಯಲ್ಲಿ ಮೂಳೆ ಕೂಡಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಒಂದು ಸುಲಭ ಪರೀಕ್ಷೆ ಇದೆ. ತೂಕದ ಯಂತ್ರವನ್ನು ಗೋಡೆಗೆ ಒರಗಿಸಿ ಎದೆಯ ಮಟ್ಟಕ್ಕೆ ಹಿಡಿದು, ಒಂದೊಂದೇ ಅಂಗೈಯಿಂದ ಒತ್ತಿಸಿ. ಎರಡು ಕೈಯ ಅಂತರ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಬರಬೇಕು, ಅದೂ ಒಂದೇ ಸಲಕ್ಕಲ್ಲ, ನಿಮಿಷಕ್ಕೊಮ್ಮೆ ಹತ್ತು ಸಲ ಒತ್ತಿಸಿದಾಗ ಕೊನೆಯದರಲ್ಲೂ. ಮೊದಲ ದಿನ ಐದೈದು ಸುತ್ತಿನ ಮೂರು ಸೆಷನ್ ಸಾಕು, ರೇಸ್ ವಾರದಲ್ಲಿ ಅಲ್ಲ, ಸಾಧಾರಣ ಪ್ರಾಕ್ಟೀಸ್ ದಿನ.

ಆ ದಿನ ಬೈಕಿನಲ್ಲಿ ಅವನ ಹಳೆಯ ಹಾಳೆಯ ಸೆಟ್ಟಿಂಗೇ ಇರಲಿ, ಬದಲಿಯವನದಲ್ಲ. ಮೊದಲ ಸೆಷನ್ನಿನಲ್ಲಿ ಅವನು ಏನು ದೂರಿದರೂ ಸ್ಪ್ಯಾನರ್ ಮುಟ್ಟಬೇಡಿ. ಭುಜ ಹೇಳುತ್ತಿದೆಯೋ ಬೈಕು ಹೇಳುತ್ತಿದೆಯೋ ತಿಳಿಯಲು ಎರಡು ಸೆಷನ್ ಬೇಕು. ಲಿವರ್ ಕೋನ, ಹ್ಯಾಂಡಲ್ ಕೋನ ಇವಿಷ್ಟನ್ನು ಬದಲಿಸಬಹುದು, ಕೂಡಿದ ಭುಜ ಹಳೆಯ ಜಾಗಕ್ಕೇ ಬರುತ್ತದೆ ಅಂತೇನಿಲ್ಲ. ಡೂಹನ್‌ರ ಬಲ ಪಾದ 1992ರ ಗಾಯದ ನಂತರ ಹಿಂದಿನ ಬ್ರೇಕ್ ಒತ್ತದಾದಾಗ ಅವರ ಟೀಮು ಅದನ್ನು ಎಡಗೈ ಹೆಬ್ಬೆರಳಿಗೆ ತಂದಿತು, ಅದರ ಮೇಲೇ ಐದು ಪ್ರಶಸ್ತಿ ಬಂದವು. ಬಿಚ್ಚಿದ ಹಳೆಯ ಸ್ಪ್ರಿಂಗು, ಹಳೆಯ ಸ್ಪ್ರಾಕೆಟ್ಟನ್ನು ಗುಜರಿಗೆ ಹಾಕಬೇಡಿ; ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಅವನ ಹಾಳೆಯ ಒಂದು ಪ್ರತಿಯನ್ನು ಅದೇ ಡಬ್ಬಿಯಲ್ಲಿಟ್ಟು, ಮೇಲೆ ತಾರೀಖು ಬರೆದಿಡಿ.